ಬಣ್ಣ ಆಮೇಲೆ, ಮೊದಲು ಗೋಡೆ ಬಿಚ್ಚಿ ನೋಡಿ

ನಲವತ್ತು ವರ್ಷಕ್ಕೂ ಮೇಲಾಯಿತು ನಾನು ದೆಹಲಿಗೆ ಬಂದು. ಅದರಲ್ಲಿ ಮೂವತ್ನಾಲ್ಕು ವರ್ಷ ಸರ್ಕಾರದ ಇಲಾಖೆಯೊಂದರಲ್ಲಿ ಸಿವಿಲ್ ಎಂಜಿನಿಯರ್ ಕೆಲಸ. ಗೋಡೆ ಅಂದರೆ ನನ್ನ ಪಾಲಿಗೆ ಒಂಬತ್ತು ಇಂಚಿನ ಇಟ್ಟಿಗೆ, ಎರಡೂ ಕಡೆ ಪ್ಲಾಸ್ಟರ್, ಮೇಲೊಂದು ಸುಣ್ಣವೋ ಡಿಸ್ಟೆಂಪರೋ. ಅಷ್ಟೇ. ಹಾಗಾಗಿ 2023ರ ಜುಲೈನಲ್ಲಿ ಮಿನ್ನೆಸೋಟದ ಮಗಳ ಮನೆಗೆ ಹೋದವನು ಹೊರಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ, ಖಾಲಿ ಡಬ್ಬದ ಹಾಗೆ ಟಕ್ ಟಕ್ ಅಂತ ಸದ್ದು ಬಂತಲ್ಲ, ಆಗ ನನಗಾದ ಗಾಬರಿಯನ್ನು ನೀವೇ ಊಹಿಸಿಕೊಳ್ಳಿ.

"ಏನಮ್ಮಾ ಇದು, ಮೂವತ್ತು ವರ್ಷದ ಸಾಲ ಮಾಡಿ ನೀವು ಕೊಂಡಿದ್ದು ರಟ್ಟಿನ ಪೆಟ್ಟಿಗೆನಾ?" ಅಂದೆ.

"ಅಪ್ಪಾ, ಇಲ್ಲಿ ಎಲ್ಲರ ಮನೆಯೂ ಹೀಗೇ. ಅದು ಸೈಡಿಂಗು. ಹಳೇದಾಗಿದೆ, ಈ ವರ್ಷ ಅದನ್ನೇ ಬದಲಾಯಿಸ್ಬೇಕು ಅಂತಿದೀವಿ" ಅಂದಳು.

ನಮ್ಮಂಥವರಿಗೆ ಈ ಸೈಡಿಂಗ್ ಅನ್ನೋದು ಹೊಸ ವಿಷಯ. ಆದರೆ ನಮ್ಮ ದೆಹಲಿ ಕನ್ನಡಿಗರ ಬಳಗದಲ್ಲೇ ಎಣಿಸಿದರೆ, ಮಕ್ಕಳು ಮಿನಿಯಾಪೊಲಿಸ್, ಶಿಕಾಗೋ, ಟೊರಾಂಟೋ, ಕ್ಯಾಲ್ಗರಿ ಅಂತ ಹಿಮ ಬೀಳುವ ಊರುಗಳಲ್ಲಿ ಮನೆ ಮಾಡಿಕೊಂಡಿರುವವರು ಕಡಿಮೆಯಿಲ್ಲ. ಆ ಮನೆಗಳಿಗೆಲ್ಲ ಒಂದಲ್ಲ ಒಂದು ದಿನ ಈ ಖರ್ಚು ಬಂದೇ ಬರುತ್ತದೆ. ಬಂದಾಗ ನಮ್ಮವರು ಮಾಡುವ ತಪ್ಪೇನು ಅಂತ ನಾನು ಕಣ್ಣಾರೆ ಕಂಡೆ. ಅದನ್ನೇ ಹೇಳಬೇಕು ಅಂತ ಈ ಬರಹ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಸೈಡಿಂಗ್ ಬದಲಾಯಿಸುವಾಗ ಸೈಡಿಂಗಿನ ಬಗ್ಗೆ ಯೋಚಿಸುವುದು ಕೊನೆಯ ಕೆಲಸ. ಅದರ ಹಿಂದೆ ಏನಿದೆ ಅನ್ನೋದೇ ಮುಖ್ಯ. ದುಡ್ಡು ಹೋಗಬೇಕಾದ್ದೂ ಅಲ್ಲಿಗೇ.

ಮೊದಲು ಆ ಗೋಡೆ ಹೇಗಿರುತ್ತದೆ ಅಂತ ಹೇಳಬೇಕು. ಮಗಳ ಮನೆ 1976ರಲ್ಲಿ ಕಟ್ಟಿದ್ದು. ಒಳಗಡೆ ಅರ್ಧ ಇಂಚಿನ ಜಿಪ್ಸಮ್ ಹಲಗೆ. ಅದರ ಹಿಂದೆ ಹದಿನಾರು ಹದಿನಾರು ಇಂಚಿಗೆ ನಿಲ್ಲಿಸಿದ ಮರದ ಪಟ್ಟಿಗಳು. ಅವಕ್ಕೆ ಟೂ-ಬೈ-ಫೋರ್ ಅಂತ ಹೆಸರು, ಅಳೆದರೆ ಒಂದೂವರೆಗೆ ಮೂರೂವರೆ ಇಂಚು ಮಾತ್ರ! (ಇಷ್ಟು ಹಗಲುದರೋಡೆ ನಮ್ಮ ಕೀರ್ತಿನಗರದ ಮರದ ವ್ಯಾಪಾರಿಗಳೂ ಮಾಡಲಾರರು ಅಂದುಕೊಂಡೆ. ಅಲ್ಲಿ ಅದು ಕ್ರಮಬದ್ಧ ಅಳತೆಯಂತೆ.) ಪಟ್ಟಿಗಳ ನಡುವೆ ಗಾಜಿನ ನಾರಿನ ಹತ್ತಿ ತುಂಬಿರುತ್ತಾರೆ, ಚಳಿ ತಡೆಯಲು. ಅದರ ಹೊರಗೆ ಶೀದಿಂಗ್ ಅನ್ನುವ ಹಲಗೆ. ಆ ಕಾಲದ ಮನೆಯಾದ್ದರಿಂದ ಡಾಂಬರು ಕುಡಿಸಿದ ಕಪ್ಪು ನಾರಿನ ಹಲಗೆ. ಎಲ್ಲಕ್ಕಿಂತ ಹೊರಗೆ ನಾವು ಕಾಣುವ ಸೈಡಿಂಗು. ಅಂದರೆ ಸೈಡಿಂಗ್ ಅನ್ನೋದು ಗೋಡೆಯಲ್ಲ, ಗೋಡೆಗೆ ತೊಡಿಸಿದ ರೇನ್‌ಕೋಟು. ರೇನ್‌ಕೋಟಿನಿಂದ ಚಳಿ ಹೋಗುತ್ತದೆಯೇ? ಇಲ್ಲ. ರೇನ್‌ಕೋಟಿನ ಒಳಗೆ ನೀರು ಸೇರಲಾರದೇ? ಸೇರುತ್ತದೆ, ಕತ್ತಿನಿಂದ, ತೋಳಿನಿಂದ. ಅದನ್ನು ತಿಳಿದೇ ಒಳಗೆ ಇನ್ನೊಂದು ಏರ್ಪಾಡು ಇರಬೇಕಾಗುತ್ತದೆ.

ಇವರ ಮನೆಯದ್ದು ಹಾರ್ಡ್‌ಬೋರ್ಡ್ ಸೈಡಿಂಗ್. ಮರದ ನಾರನ್ನು ಒತ್ತಿ ಮಾಡಿದ್ದು. ಅಮೆರಿಕದಲ್ಲಿ ಒಂದು ಕಾಲಕ್ಕೆ ಲಕ್ಷಗಟ್ಟಲೆ ಮನೆಗಳಿಗೆ ಇದನ್ನೇ ಹೊಡೆದರು. ಇದು ನೀರು ಕುಡಿದು ಊದಿಕೊಳ್ಳುತ್ತದೆ ಅಂತ ಗೊತ್ತಾಗಿ 1990ರ ದಶಕದಲ್ಲಿ ದೊಡ್ಡ ದೊಡ್ಡ ಮೊಕದ್ದಮೆಗಳೇ ನಡೆದವು. ಇಲ್ಲೂ ಹಲಗೆಗಳ ಕೆಳಅಂಚು ನೆನೆದ ಪುಸ್ತಕದ ಹಾಗೆ ಉಬ್ಬಿತ್ತು.

ಇರಲಿ, ಕಥೆಗೆ ಬರುತ್ತೇನೆ. ನಾವು ಹೋಗಿ ಒಂದು ತಿಂಗಳಾಗಿತ್ತು. ಒಂದು ಗುರುವಾರ ಸಂಜೆ ಸೇಲ್ಸ್‌ಮನ್ ಬಂದ. ಕೈಯಲ್ಲಿ ದಪ್ಪ ಫೈಲು, ಐಪ್ಯಾಡು. ಮನೆಯ ಫೋಟೋ ತೆಗೆದು ಐಪ್ಯಾಡಿನಲ್ಲಿ ಹಾಕಿ, ಬೂದು ಬಣ್ಣದ ಮನೆ, ನೀಲಿ ಮನೆ, ಮಣ್ಣಿನ ಬಣ್ಣದ ಮನೆ ಅಂತ ಒಂದೊಂದಾಗಿ ತೋರಿಸಿದ. ಮುಂಭಾಗಕ್ಕೆ ಅರ್ಧ ಎತ್ತರ ಕಲ್ಲಿನ ತೆಳು ಹೊದಿಕೆ ಹಾಕಿದರೆ ಹೇಗೆ ಕಾಣುತ್ತದೆ ಅಂತ ತೋರಿಸಿದಾಗ ಇವಳೂ, ಅಂದರೆ ನಮ್ಮನೆಯವಳೂ, ಕನ್ನಡಕ ಹಾಕಿಕೊಂಡು ಬಂದು ಕೂತಳು. ಎರಡು ಗಂಟೆ ಬಣ್ಣದ ಮಾತೇ ಆಯಿತು. ಗೋಡೆಯ ಹತ್ತಿರ ಹೋಗಿ ಒಂದು ಕಡೆಯಾದರೂ ಒತ್ತಿ ನೋಡಿದನಾ ಅಂದರೆ, ಇಲ್ಲ. ಕೊನೆಗೆ ಮೂವತ್ತು ಸಾವಿರ ಡಾಲರ್ ಚಿಲ್ಲರೆ ಅಂತ ಲೆಕ್ಕ ಕೊಟ್ಟು, ಇವತ್ತೇ ಸಹಿ ಮಾಡಿದರೆ ಎರಡು ಸಾವಿರ ಕಡಿಮೆ ಅಂದ. ಲಜಪತ್ ನಗರದಲ್ಲಿ ಸೀರೆ ಮಾರುವವನೂ ಇದನ್ನೇ ಹೇಳೋದು. ಅಳಿಯ ಸಹಿ ಮಾಡಿಬಿಟ್ಟರು.

ನಾನು ಬಾಯಿ ಬಿಡಲಿಲ್ಲ. ಮಗಳ ಮನೆಯಲ್ಲಿ ಅಪ್ಪ ಅತಿಥಿ. ಅದರಲ್ಲೂ ಅಳಿಯ ದುಡಿದು ಖರ್ಚು ಮಾಡುವ ದುಡ್ಡಿನ ವಿಷಯದಲ್ಲಿ ಮಾವನಾದವನು ಮೂಗು ತೂರಿಸುವುದು ನಮ್ಮ ಕಡೆ ಪದ್ಧತಿಯಲ್ಲ. ಆದರೆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕೂತು ಒಪ್ಪಂದದ ಕಾಗದ ಓದಿದೆ. ಕಸುಬಿನ ಚಾಳಿ, ಟೆಂಡರ್ ಕಾಗದ ಕಂಡರೆ ಓದದೇ ಇರಲಾರೆ. ಎರಡು ಸಾಲು ಕಣ್ಣಿಗೆ ಬಿದ್ದವು. ಒಂದು, "ಇನ್ಸುಲೇಷನ್ ಸೇರಿದೆ" ಅಂತ. ಏನು ಇನ್ಸುಲೇಷನ್ ಅಂತ ಹುಡುಕಿದರೆ, ಬೀಸಣಿಗೆಯ ಹಾಗೆ ಮಡಚಿ ಬರುವ ತೆಳ್ಳನೆಯ ಫೋಮ್ ಹಾಳೆ, ಕಾಲು ಇಂಚಿಗಿಂತ ಒಂದಿಷ್ಟು ದಪ್ಪ. ಇನ್ನೊಂದು, ಸಣ್ಣಕ್ಷರದಲ್ಲಿ, ಒಳಗೆ ಕೊಳೆತ ಹಲಗೆ ಸಿಕ್ಕಿದರೆ ಶೀಟಿಗೆ ಇಷ್ಟು ಅಂತ ಬೇರೆ ದುಡ್ಡು. ಎಷ್ಟು ಶೀಟು ಸಿಗಬಹುದು ಅಂತ ಯಾರೂ ನೋಡಿಲ್ಲವಲ್ಲ, ಹಾಗಾಗಿ ಆ ಲೆಕ್ಕಕ್ಕೆ ತಳವಿಲ್ಲ.

ಜೊತೆಗೆ ಇನ್ನೊಂದು ಕಾಗದವೂ ಇತ್ತು. ಮನೆಗೇ ಬಂದು ಮಾರಿದ ವ್ಯಾಪಾರವಾದರೆ ಮೂರು ಕೆಲಸದ ದಿನಗಳೊಳಗೆ, ಕಾರಣ ಕೊಡದೆ, ರದ್ದು ಮಾಡಬಹುದು ಅಂತ. ಅಮೆರಿಕದಲ್ಲಿ ಇದು ಕಾನೂನು. ಶನಿವಾರವೂ ಕೆಲಸದ ದಿನವೇ ಆದ್ದರಿಂದ ಸೋಮವಾರ ಮಧ್ಯರಾತ್ರಿಗೆ ಗಡುವು ಮುಗಿಯುತ್ತಿತ್ತು.

ಶುಕ್ರವಾರ ರಾತ್ರಿ ಊಟವಾದ ಮೇಲೆ ಬಾಯಿ ಬಿಟ್ಟೆ. "ನೋಡಿ, ಸಹಿ ಮಾಡಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಆದ್ರೆ ಒಂದೇ ಒಂದು ಹಲಗೆ ಬಿಚ್ಚಿ ನೋಡೋಣ. ಒಳಗೆ ಚೆನ್ನಾಗಿದ್ರೆ ನಾನು ಮತ್ತೆ ಸೊಲ್ಲೆತ್ತಲ್ಲ" ಅಂದೆ. ಅಳಿಯನ ಮುಖ ಸ್ವಲ್ಪ ಗಂಟಾಯಿತು. ಆದರೂ ದೊಡ್ಡ ಮನಸ್ಸಿನವರು, "ಆಯ್ತು ಮಾವ, ನಾಳೆ ನೋಡೋಣ" ಅಂದರು.

ಬೆಳಿಗ್ಗೆ ನಾನು ಉತ್ಸಾಹದಲ್ಲಿ ಸ್ಕ್ರೂಡ್ರೈವರ್ ಹಿಡಿದು ಬಣ್ಣ ಕೆರೆಯಲು ಹೋದೆ. ಮಗಳು ಓಡಿ ಬಂದು ಕೈ ಹಿಡಿದಳು. 1978ಕ್ಕೆ ಮುಂಚಿನ ಮನೆಗಳ ಬಣ್ಣದಲ್ಲಿ ಸೀಸ ಇರಬಹುದು, ಮನೆಯಲ್ಲಿ ಎರಡು ವರ್ಷದ ಮಗು ಇದೆ, ಧೂಳು ಏಳಿಸಬೇಡಿ ಅಂತ. ಅಂಥ ಹಳೇ ಮನೆಗಳ ಬಣ್ಣ ಕೆದಕುವ ಕೆಲಸಕ್ಕೆ ತರಬೇತಿ ಪಡೆದ ಗುತ್ತಿಗೆದಾರರೇ ಬೇಕು ಅನ್ನುವ ನಿಯಮ ಅಲ್ಲಿ 2010ರಿಂದ ಇದೆ. ಸೇಲ್ಸ್‌ಮನ್ ಇದನ್ನೂ ಕೇಳಿರಲಿಲ್ಲ. ಅಂಗಡಿಯಿಂದ ಪರೀಕ್ಷೆಯ ಕಡ್ಡಿ ತಂದು ತಿಕ್ಕಿ ನೋಡಿದೆವು. ಪುಣ್ಯಕ್ಕೆ ಸೀಸ ಇರಲಿಲ್ಲ. ಆಮೇಲೆ ಎರಡು ಕಡೆ ಬಿಚ್ಚಿದೆವು. ಒಂದು ಅಡುಗೆಮನೆಯ ಕಿಟಕಿಯ ಕೆಳಗೆ. ಇನ್ನೊಂದು, ಗರಾಜಿನ ಇಳಿಜಾರು ಛಾವಣಿ ಬಂದು ಮನೆಯ ಗೋಡೆಗೆ ಕೂಡುತ್ತದಲ್ಲ, ಆ ಇಳಿಜಾರು ಕೊನೆಯಾಗುವ ಮೂಲೆಯಲ್ಲಿ.

ಕಿಟಕಿಯ ಕೆಳಗೆ ಕಲೆ ಇತ್ತು, ಹಲಗೆ ಗಟ್ಟಿ ಇತ್ತು. ಮೂಲೆಯಲ್ಲಿ ಹಲಗೆಯೇ ಇರಲಿಲ್ಲ ಅನ್ನಬೇಕು. ಚಹಾದಲ್ಲಿ ಅದ್ದಿ ಮರೆತ ಮಾರಿ ಬಿಸ್ಕತ್ತು! ಬೆರಳಿಟ್ಟರೆ ಒಳಗೆ ಹೋಯಿತು. ಹಿಂದಿನ ಮರದ ಪಟ್ಟಿಯೂ ಮೊಣಕಾಲೆತ್ತರದವರೆಗೆ ಕಪ್ಪಾಗಿ ಮೆತ್ತಗಾಗಿತ್ತು. ಅದರೊಳಗಿನ ಹತ್ತಿ ಒದ್ದೆ. ಆ ಗೋಡೆಯ ಒಳಬದಿಯ ಕೋಣೆಯಲ್ಲೇ ಮೊಮ್ಮಗ ಮಲಗುವುದು.

ಕಾರಣ ಏನು ಅಂದರೆ ಅಂಗೈಯಗಲದ ಒಂದು ತಗಡು ಇಲ್ಲದ್ದು. ಛಾವಣಿಯ ಮೇಲಿನ ನೀರು ಗೋಡೆಗುಂಟ ಇಳಿದು ಬಂದು ಕೊನೆಯಲ್ಲಿ ದೋಣಿಗೆ, ಅಂದರೆ ನೀರಿನ ಗಟಾರಕ್ಕೆ, ಬೀಳಬೇಕು. ಅಲ್ಲಿ ನೀರನ್ನು ಗೋಡೆಯಿಂದ ಆಚೆಗೆ ತಿರುಗಿಸುವ ಒಂದು ಬಾಗಿದ ತಗಡು ಬೇಕು. ಕಿಕ್-ಔಟ್ ಫ್ಲ್ಯಾಶಿಂಗ್ ಅಂತಾರೆ. ಅದಿಲ್ಲದಿದ್ದರೆ ನೀರು ಸೀದಾ ಸೈಡಿಂಗಿನ ಹಿಂದಕ್ಕೆ. ಅಲ್ಲೇ ಪಕ್ಕದಲ್ಲಿರುವ ವುಡ್‌ಬರಿ ಅನ್ನುವ ಊರಿನಲ್ಲಿ ಸ್ಟಕ್ಕೋ ಅಂದರೆ ಸಿಮೆಂಟ್ ಗಾರೆಯ ಹೊದಿಕೆಯ ಹೊಸ ಹೊಸ ಮನೆಗಳು ಕಟ್ಟಿದ ಕೆಲವೇ ವರ್ಷಗಳಲ್ಲಿ ಒಳಗೊಳಗೇ ಕೊಳೆತು, ನಗರಾಡಳಿತದ ಕಟ್ಟಡ ವಿಭಾಗದವರೇ ಕಾರಣ ಹುಡುಕಿ ವರದಿ ಬರೆಯಬೇಕಾಯಿತು. ಕಿಟಕಿ ಸೋರುವುದು, ಈ ತಗಡು ಇಲ್ಲದಿರುವುದು, ಇಂಥವೇ ಕಾರಣಗಳು. ಹೊರಗಿನಿಂದ ನೋಡಿದರೆ ಆ ಮನೆಗಳು ಅರಮನೆ ಹಾಗಿದ್ದವು.

ಈಗ ಯೋಚಿಸಿ. ಆ ಸೇಲ್ಸ್‌ಮನ್ ಹೇಳಿದಂತೆ ಹೊಸ ವಿನೈಲ್ ಹೊಡೆದಿದ್ದರೆ? ಕೆಲಸದವರು ಕೊಳೆತ ಹಲಗೆ ಕಂಡಾಗ ಒಂದು ತುಂಡು ಬದಲಾಯಿಸುತ್ತಿದ್ದರು. ತಗಡಿನ ಮಾತು ಒಪ್ಪಂದದಲ್ಲಿ ಇಲ್ಲ, ಹಾಗಾಗಿ ಹಾಕುತ್ತಿರಲಿಲ್ಲ. ಮತ್ತೆ ಮೂವತ್ತು ವರ್ಷ ಯಾರೂ ಆ ಗೋಡೆಯ ಒಳಗೆ ನೋಡುವಂತಿರಲಿಲ್ಲ.

ಸೋಮವಾರ ಮಧ್ಯಾಹ್ನ ಅಳಿಯ ರದ್ದುಪತ್ರ ಕಳಿಸಿದರು.

ಮಳೆಯ ನೀರು ಒಂದು ಶತ್ರುವಾಯಿತು. ಚಳಿದೇಶದಲ್ಲಿ ಇನ್ನೊಂದಿದೆ, ಅದು ಒಳಗಿನಿಂದ ಬರುವುದು. ನಮ್ಮೂರಿನವರಿಗೆ ಇದು ಬೇಗ ತಲೆಗೆ ಹೋಗುವುದಿಲ್ಲ, ನನಗೂ ಹೋಗಲಿಲ್ಲ. ಮನೆಯೊಳಗೆ 21 ಡಿಗ್ರಿ ಸೆಲ್ಸಿಯಸ್, ಹೊರಗೆ ಮೈನಸ್ 20. ಮಿನಿಯಾಪೊಲಿಸ್‌ನಲ್ಲಿ ಇದೇನೂ ದೊಡ್ಡ ಚಳಿಯಲ್ಲ. 2019ರ ಜನವರಿ 30ರಂದು ಅಲ್ಲಿ ಮೈನಸ್ 33ಕ್ಕೆ ಇಳಿದಿತ್ತು. ಒಳಗೆ ಕುಕ್ಕರ್ ಕೂಗುತ್ತದೆ, ಸಾರು ಕುದಿಯುತ್ತದೆ, ಬಿಸಿನೀರ ಸ್ನಾನ, ನಾಲ್ಕು ಜನರ ಉಸಿರು. ಆ ಗಾಳಿಯಲ್ಲಿ ನೂರಕ್ಕೆ 35ರಷ್ಟು ತೇವಾಂಶ ಇದ್ದರೂ, 5 ಡಿಗ್ರಿಗೆ ತಣಿದ ಕೂಡಲೇ ನೀರು ಬಿಡುತ್ತದೆ. ಸ್ವಿಚ್‌ಬೋರ್ಡಿನ ಸಂದಿಯಿಂದ, ನೆಲ-ಗೋಡೆಯ ಸಂದಿಯಿಂದ ಈ ಗಾಳಿ ಗೋಡೆಯೊಳಗೆ ನುಸುಳಿ ಹೊರಗಿನ ಹಲಗೆಯ ಬೆನ್ನಿಗೆ ಮುಟ್ಟುತ್ತದೆ. ಆ ಹಲಗೆ ಎಷ್ಟು ತಣ್ಣಗಿರುತ್ತದೆ ಅಂತ ಕಾಗದದ ಮೇಲೆ ಲೆಕ್ಕ ಹಾಕಿದೆ. ಮೈನಸ್ 14ರ ಸುಮಾರು! ಅಂದರೆ ಚಳಿಗಾಲವಿಡೀ ಗೋಡೆಯೊಳಗೆ, ಹಲಗೆಯ ಬೆನ್ನಿಗೆ, ಹಳೇ ಫ್ರಿಜ್ಜಿನ ಫ್ರೀಜರಿನಲ್ಲಿ ಕಟ್ಟುತ್ತಿತ್ತಲ್ಲ, ಹಾಗೆ ಹಿಮ ಕಟ್ಟುತ್ತದೆ. ಮಾರ್ಚಿಯಲ್ಲಿ ಕರಗಿ ಇಳಿಯುತ್ತದೆ.

ಇದಕ್ಕೆ ಮದ್ದು ಎರಡು. ಸಂದಿಗಳನ್ನು ಮುಚ್ಚಿ ಗಾಳಿ ನುಸುಳದ ಹಾಗೆ ಮಾಡುವುದು. ಮತ್ತೆ ಆ ಹಲಗೆಗೇ ಹೊರಗಿನಿಂದ ಸ್ವೆಟರ್ ಹಾಕುವುದು, ಅಂದರೆ ಸೈಡಿಂಗಿಗೂ ಹಲಗೆಗೂ ನಡುವೆ ದಪ್ಪ ಇನ್ಸುಲೇಷನ್ ಹಲಗೆ ಕೂರಿಸುವುದು. ಇನ್ನೊಂದು ಲಾಭವೂ ಇದೆ. ಒಳಗೆ ತುಂಬಿದ ಹತ್ತಿಗೆ ಆರ್-11 ಅಥವಾ ಆರ್-13 ಅಂತ ಮೌಲ್ಯ (ಆರ್-ವ್ಯಾಲ್ಯೂ ಹೆಚ್ಚಿದ್ದಷ್ಟೂ ಶಾಖ ಸೋರುವುದು ಕಡಿಮೆ). ಆದರೆ ಹದಿನಾರು ಇಂಚಿಗೊಂದರಂತೆ ನಿಂತ ಮರದ ಪಟ್ಟಿಗೆ ಬರೀ ನಾಲ್ಕು ಚಿಲ್ಲರೆ. ಶಾಖ ಅಲ್ಲೇ ದಾರಿ ಮಾಡಿಕೊಂಡು ಹೊರಗೆ ಹೋಗುತ್ತದೆ. ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ಒಳಗಿನಿಂದ ನೋಡಿದರೆ ಗೋಡೆ ಜೀಬ್ರಾದ ಮೈಯಂತೆ ಪಟ್ಟೆ ಪಟ್ಟೆ ಕಾಣುತ್ತದೆ. ಹೊರಗಿನಿಂದ ಹೊದಿಸಿದರೆ ಆ ಪಟ್ಟೆಗಳೂ ಮುಚ್ಚಿಹೋಗುತ್ತವೆ.

ಇಲ್ಲೊಂದು ಎಚ್ಚರಿಕೆ. ಸ್ವೆಟರ್ ಹಾಕುವುದಾದರೆ ಸರಿಯಾದ್ದೇ ಹಾಕಬೇಕು. ತೆಳ್ಳನೆಯ ಫೋಮ್ ಹಾಕಿದರೆ ಹಲಗೆ ಬೆಚ್ಚಗಾಗುವುದಿಲ್ಲ, ಆದರೆ ತೇವ ಹೊರಗೆ ಆರಿಹೋಗುವ ದಾರಿಗೆ ಮಾತ್ರ ತಡೆ ಬೀಳಬಹುದು. ಎರಡೂ ಕಡೆಯಿಂದ ಕೆಟ್ಟ ಹಾಗೆ. ಅಮೆರಿಕದ ಮಾದರಿ ಕಟ್ಟಡ ನಿಯಮದಲ್ಲಿ ಇದಕ್ಕೆ ಕೋಷ್ಟಕವೇ ಇದೆ. ಒಳಬದಿಯಲ್ಲಿ ಬರೀ ಬಣ್ಣವನ್ನೇ ಆವಿಗೆ ತಡೆ ಅಂತ ನೆಚ್ಚಿಕೊಳ್ಳಬೇಕಾದರೆ, ಮಿನಿಯಾಪೊಲಿಸ್ ಇರುವ 6ನೇ ಹವಾಮಾನ ವಲಯದಲ್ಲಿ, ಟೂ-ಬೈ-ಫೋರ್ ಗೋಡೆಗೆ ಹೊರಗಿನಿಂದ ಕಡಿಮೆಯೆಂದರೆ ಆರ್-7.5 ಬೇಕು. ಸೇಲ್ಸ್‌ಮನ್ನನ "ಇನ್ಸುಲೇಷನ್ ಸೇರಿದೆ" ಅನ್ನುವ ಹಾಳೆಗೆ ಎಷ್ಟು ಅಂತೀರಿ? ಆರ್-1ರ ಆಸುಪಾಸು. ಹಿಂದೆ ಫೋಮ್ ಅಂಟಿಸಿ ಬರುವ ದುಬಾರಿ ವಿನೈಲ್ ತಗೊಂಡರೂ ಎರಡೋ ಮೂರೋ.

ಕೊನೆಗೆ ಇವರು ಹಾಕಿಸಿದ್ದು ಎರಡಿಂಚಿನ ಕಲ್ಲುನಾರಿನ ಹಲಗೆ, ಆರ್-8ರಷ್ಟು. ಅಲ್ಲಿ ಮಿನರಲ್ ವೂಲ್ ಅಂತಾರೆ. ನೀರು ಹೀರುವುದಿಲ್ಲ, ಬೆಂಕಿ ಹಿಡಿಯುವುದಿಲ್ಲ, ಆವಿಯನ್ನು ಹೊರಗೆ ಬಿಡುತ್ತದೆ. ನನ್ನ ಲೆಕ್ಕ ಮತ್ತೊಮ್ಮೆ ಹಾಕಿದೆ. ಮೈನಸ್ 14 ಇದ್ದ ಹಲಗೆಯ ಬೆನ್ನು ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗೆ ಬಂದು ನಿಂತಿತು.

ಆಮೇಲೆ ಆ ಕಲ್ಲುನಾರಿನ ಮೇಲೆ ಮುಕ್ಕಾಲು ಇಂಚಿನ ರೀಪು ಹೊಡೆದು, ರೀಪಿನ ಮೇಲೆ ಸೈಡಿಂಗು. ಅಂದರೆ ಸೈಡಿಂಗಿನ ಹಿಂದೆ ಮುಕ್ಕಾಲು ಇಂಚು ಖಾಲಿ ಜಾಗ. ಒಳಗೆ ಬಂದ ನೀರು ಜಾರಿ ಕೆಳಗೆ ಹೋಗಲಿ, ಗಾಳಿಯಾಡಿ ಆರಲಿ ಅಂತ. ಇದನ್ನು ಗುತ್ತಿಗೆದಾರ ವಿವರಿಸುವಾಗ ನನಗೆ ನಗು ಬಂತು. ಸಾಗರದ ಹತ್ತಿರದ ನಮ್ಮ ಹಳ್ಳಿಯ ಮನೆಗೆ ಮಣ್ಣಿನ ಗೋಡೆ. ಜೂನ್ ಹತ್ತಿರ ಬಂದ ಹಾಗೆ ಅಜ್ಜ ಆಳುಗಳನ್ನು ಕೂಡಿಸಿಕೊಂಡು ಅಡಿಕೆ ಸೋಗೆಯ ತಟ್ಟಿ ಹೆಣೆಸಿ, ಮಳೆ ಬಡಿಯುವ ದಿಕ್ಕಿಗೆಲ್ಲ ಕಟ್ಟಿಸುತ್ತಿದ್ದರು. ಆ ತಟ್ಟಿಯನ್ನು ಗೋಡೆಗೆ ಒತ್ತಿ ಕಟ್ಟುತ್ತಿರಲಿಲ್ಲ. ಮಾಡಿನ ಅಂಚಿನಿಂದ ಇಳಿಬಿಟ್ಟು, ಗೋಡೆಗೂ ಅದಕ್ಕೂ ನಡುವೆ ಜಾಗ ಬಿಡುತ್ತಿದ್ದರು. ನಾವು ಹುಡುಗರು ಅದರ ಸಂದಿಯಲ್ಲಿ ಅಡಗಿ ಕಣ್ಣಾಮುಚ್ಚಾಲೆ ಆಡುತ್ತಿದ್ದೆವು. ಯಾಕೆ ಜಾಗ ಅಂತ ಕೇಳಿದ್ದಕ್ಕೆ ಅಜ್ಜ, "ಗ್ವಾಡೆಗೂ ಗಾಳಿ ಬ್ಯಾಡದನಾ?" ಅಂದಿದ್ದರು. ಮೂರು ತಿಂಗಳ ಮಳೆಗೆ ನಮ್ಮ ಅಜ್ಜಂದಿರು ಕಂಡುಕೊಂಡದ್ದನ್ನು ಕೆನಡಾದವರು ಬಲು ದುಬಾರಿ ಬೆಲೆ ಕೊಟ್ಟು ಕಲಿತರು. ವ್ಯಾಂಕೂವರಿನಲ್ಲಿ 1980-90ರ ದಶಕಗಳಲ್ಲಿ ಕಟ್ಟಿದ ಅಪಾರ್ಟ್‌ಮೆಂಟುಗಳು ಸಾಲುಸಾಲಾಗಿ ಒಳಗೇ ಕೊಳೆತು ಸಾವಿರಾರು ಕುಟುಂಬಗಳು ಮುಳುಗಿದವು. 1998ರಲ್ಲಿ ಆ ಪ್ರಾಂತ್ಯದ ಮಾಜಿ ಪ್ರಧಾನ ಡೇವ್ ಬ್ಯಾರೆಟ್ ಅವರ ನೇತೃತ್ವದಲ್ಲಿ ವಿಚಾರಣಾ ಆಯೋಗ ಕೂರಿಸಬೇಕಾಯಿತು. ಅದಾದ ಮೇಲೆ ಅಲ್ಲಿ ಹೊದಿಕೆಯ ಹಿಂದೆ ಗಾಳಿಯ ಜಾಗ ಬಿಡುವುದು ರೂಢಿಗೂ ನಿಯಮಕ್ಕೂ ಬಂತು.

ಜೋಸೆಫ್ ಲಿಸ್ಟಿಬುರೆಕ್ ಅಂತ ಕೆನಡಾ ಮೂಲದ ಒಬ್ಬ ಎಂಜಿನಿಯರ್ ಇದ್ದಾರೆ, ಕಟ್ಟಡಗಳ ಒಳಗುಟ್ಟು ಬರೆಯುವವರಲ್ಲಿ ದೊಡ್ಡ ಹೆಸರು. ಅವರ ಬರಹಗಳನ್ನು ಆ ಒಂದು ವಾರದಲ್ಲಿ ಮಗಳ ಕಂಪ್ಯೂಟರಿನಲ್ಲಿ ಕೂತು ಓದಿದೆ. ಗೋಡೆ ತಡೆಯಬೇಕಾದ್ದು ಮೊದಲು ಮಳೆಯನ್ನು, ಆಮೇಲೆ ಗಾಳಿಯನ್ನು, ಆಮೇಲೆ ಆವಿಯನ್ನು, ಕೊನೆಗೆ ಶಾಖವನ್ನು, ಈ ಕ್ರಮದಲ್ಲೇ ಯೋಚಿಸಿ ಅನ್ನುತ್ತಾರೆ. ಅರವತ್ತೆಂಟನೇ ವಯಸ್ಸಿನಲ್ಲಿ ಮತ್ತೆ ಪಾಲಿಟೆಕ್ನಿಕ್ಕಿಗೆ ಹೋದ ಹಾಗಾಯಿತು.

ಇಷ್ಟೆಲ್ಲ ಮಾಡುವ ಗುತ್ತಿಗೆದಾರ ಸುಲಭವಾಗಿ ಸಿಗಲಿಲ್ಲ, ಇದನ್ನು ಮುಚ್ಚಿಡುವುದಿಲ್ಲ. ಕರೆದವರಲ್ಲಿ ಮೂವರು, ಅದೆಲ್ಲ ಬೇಡ ಅಂದರು. ಯಾಕೆಂದರೆ ಗೋಡೆ ಹೊರಗೆ ಸುಮಾರು ಮೂರಿಂಚು ದಪ್ಪವಾದರೆ ಕಿಟಕಿಗಳು ಗುಳಿಗೆ ಬಿದ್ದ ಹಾಗಾಗುತ್ತವೆ. ಪ್ರತಿ ಕಿಟಕಿಗೂ ಚೌಕಟ್ಟು ಹೊರಗೆಳೆಯಬೇಕು, ತಗಡು ಮಡಚಬೇಕು. ನಲ್ಲಿ, ದೀಪ, ಮೀಟರ್ ಎಲ್ಲ ಮುಂದಕ್ಕೆ. ಕೈಕೆಲಸ ಜಾಸ್ತಿ. ನಾಲ್ಕನೆಯವನೊಬ್ಬ ಸಣ್ಣ ಗುತ್ತಿಗೆದಾರ, ಮೊದಲ ಭೇಟಿಯಲ್ಲೇ ಏಣಿ ಹಾಕಿ ಆ ಮೂಲೆಗೆ ಹತ್ತಿದ. ಅವನಿಗೇ ಕೊಡಿ ಅಂದೆ.

ದುಡ್ಡು? ಜಾಸ್ತಿಯೇ ಆಯಿತು. ಮುಂಭಾಗದ ಕಲ್ಲಿನ ಹೊದಿಕೆ ಕೈಬಿಟ್ಟರು. ನಮ್ಮನೆಯವಳು ಇವತ್ತಿಗೂ ಅದಕ್ಕೆ ಕೊರಗುತ್ತಾಳೆ. ಮೇಲಿನ ಹಲಗೆಗೆ ದುಬಾರಿ ಫೈಬರ್ ಸಿಮೆಂಟ್ ಬಿಟ್ಟು ಎಂಜಿನಿಯರ್ಡ್ ಮರದ್ದು ತಗೊಂಡರು. ಆದರೂ ಮೊದಲಿನ ಲೆಕ್ಕಕ್ಕಿಂತ ಒಂಬತ್ತು ಸಾವಿರ ಡಾಲರ್ ಹೆಚ್ಚು. ಗರಾಜಿನ ಗೋಡೆಗೆ ದುಡ್ಡು ಸಾಲದೆ ಬರೀ ನೀರು ತಡೆಯುವ ಹಾಳೆ ಸುತ್ತಿ ಸೈಡಿಂಗ್ ಹೊಡೆದರು. ಗರಾಜಿಗೆ ಅಷ್ಟು ಸಾಕು ಕೂಡಾ. ಅಳಿಯ ಎಕ್ಸೆಲ್ ಹಾಳೆಯಲ್ಲಿ ಲೆಕ್ಕ ಮಾಡಿ, ಉಳಿಯುವ ಗ್ಯಾಸ್ ಬಿಲ್ಲಿನಿಂದ ಈ ಒಂಬತ್ತು ಸಾವಿರ ವಾಪಸ್ ಬರಲು ಇಪ್ಪತ್ತು ವರ್ಷದ ಮೇಲೆ ಬೇಕು ಮಾವ ಅಂದರು. ನಾನು ಅದನ್ನು ಅಲ್ಲಗಳೆಯಲಾರೆ. ಗ್ಯಾಸ್ ಉಳಿಸಲಿಕ್ಕೆ ಅಂತಲೇ ಯಾರಾದರೂ ಇದನ್ನು ಮಾಡಿದರೆ ನಿರಾಸೆಯಾಗುತ್ತದೆ. ಅದಕ್ಕೇ ಸೈಡಿಂಗ್ ಚೆನ್ನಾಗಿರುವ ಮನೆಯವರು ಇನ್ಸುಲೇಷನ್ನಿಗಾಗಿ ಅದನ್ನು ಕಿತ್ತುಹಾಕಬೇಕು ಅಂತ ನಾನು ಹೇಳುವುದಿಲ್ಲ. ಹೇಗೂ ಕೀಳುವ ದಿನ ಬಂದಾಗ, ಕೂಲಿ, ಸಾರುವೆ, ಕಸ ಸಾಗಿಸುವ ಖರ್ಚು ಎಲ್ಲ ಆಗಲೇ ಕೊಟ್ಟಿರುವಾಗ, ಆವತ್ತು ಮಾಡದೆ ಇನ್ನು ಯಾವತ್ತು ಮಾಡುತ್ತೀರಿ ಅನ್ನೋದು ನನ್ನ ಪ್ರಶ್ನೆ. ಅಷ್ಟು ಕೈಲಾಗದಿದ್ದರೆ ಕೊನೇಪಕ್ಷ ನೀರಿನ ಹಾಳೆ, ಕಿಟಕಿಯ ಸುತ್ತಿನ ತಗಡು, ಆ ಅಂಗೈಯಗಲದ ಕಿಕ್-ಔಟ್, ಸಂದಿ ಮುಚ್ಚುವ ಟೇಪು ಇವಿಷ್ಟನ್ನು ಬಿಡಬೇಡಿ. ಇವುಗಳ ಖರ್ಚು ಮುಂಭಾಗದ ಕಲ್ಲಿನ ಖರ್ಚಿನ ಮುಂದೆ ಏನೂ ಅಲ್ಲ.

ನಮ್ಮವರಿಗೆ ಇದು ಕಷ್ಟ ಅಂತ ನನಗೆ ಗೊತ್ತು. ನಾವು ಎಲಿವೇಷನ್ ನೋಡುವ ಜನ. ಇದನ್ನು ಬೇರೆಯವರ ಮೇಲೆ ಹಾಕುತ್ತಿಲ್ಲ. ದೆಹಲಿಯಲ್ಲಿ ಸೀಲನ್ ಅಂತಾರೆ, ಗೋಡೆಗೆ ತೇವ ಹಿಡಿದು ಪ್ಲಾಸ್ಟರ್ ಉಬ್ಬಿ ಉಪ್ಪುಪ್ಪಾಗಿ ಉದುರುವುದಕ್ಕೆ. ನನ್ನ ಸರ್ವೀಸಿನಲ್ಲಿ ಎಷ್ಟು ಕ್ವಾರ್ಟರ್ಸುಗಳ ಸೀಲನ್ ಮೇಲೆ, ಮಾರ್ಚ್ ಮುಗಿಯುವುದರೊಳಗೆ ಬಜೆಟ್ ಖರ್ಚಾಗಬೇಕು ಅಂತ, ಹೊಸ ಡಿಸ್ಟೆಂಪರ್ ಹೊಡೆಸಿ ಬಿಲ್ ಪಾಸ್ ಮಾಡಿದ್ದೇನೋ ಲೆಕ್ಕವಿಲ್ಲ. ಪೈಪ್ ಎಲ್ಲಿ ಸೋರುತ್ತಿದೆ ಅಂತ ಒಡೆದು ನೋಡಿಸಲು ಬೇರೆ ಎಸ್ಟಿಮೇಟು, ಬೇರೆ ಸಹಿ. ಬಣ್ಣಕ್ಕಾದರೆ ಮಂಜೂರಾತಿ ಸುಲಭ. ಅಲ್ಲಿದ್ದ ಗುಮಾಸ್ತರ ಹೆಂಡತಿ ಒಬ್ಬರು, "ಸಾಹೇಬರೇ, ಮಳೆ ಬಂದ ಕೂಡಲೇ ಮತ್ತೆ ಬರುತ್ತೆ" ಅಂತ ಹಿಂದಿಯಲ್ಲಿ ಹೇಳಿದ್ದರು. ಬಂತು ಕೂಡಾ. ಅವರ ಮಗುವಿಗೆ ದಮ್ಮಿತ್ತು. ಮೊಮ್ಮಗನ ಕೋಣೆಯ ಒದ್ದೆ ಹತ್ತಿಯನ್ನು ಕೈಯಲ್ಲಿ ಹಿಡಿದಾಗ ನನಗೆ ಜ್ಞಾಪಕಕ್ಕೆ ಬಂದದ್ದು ಆ ಮನೆ.

ಅಕ್ಟೋಬರಿನಲ್ಲಿ ಕೆಲಸ ನಡೆಯಿತು, ಎರಡೂವರೆ ವಾರ. ಕೆಲಸದವರೆಲ್ಲ ಎಕ್ವಡಾರ್ ದೇಶದವರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ನನಗೆ ಸ್ಪ್ಯಾನಿಷ್ ಸೊನ್ನೆ. ಆದರೂ ಮೇಸ್ತ್ರಿಗೂ ನನಗೂ ಚೆನ್ನಾಗಿ ಹೊಂದಿತು. ದೊಡ್ಡ ಸ್ಕ್ರೂ ಮರದ ಪಟ್ಟಿಗೆ ಸಿಗದೆ ತಪ್ಪಿದರೆ ಸದ್ದಿನಲ್ಲೇ ಗೊತ್ತಾಗುತ್ತದೆ, ನಾನು ತಲೆ ಅಲ್ಲಾಡಿಸುತ್ತಿದ್ದೆ, ಅವನು ನಕ್ಕು ತೆಗೆದು ಮತ್ತೆ ಹೊಡೆಯುತ್ತಿದ್ದ. ಇವಳು ಮಧ್ಯಾಹ್ನ ಅವರಿಗೆಲ್ಲ ಅವಲಕ್ಕಿ ಒಗ್ಗರಣೆ, ಚಹಾ ಕೊಡುತ್ತಿದ್ದಳು. ದೆಹಲಿಯಲ್ಲಿ ನಮ್ಮ ಗೋಡೆ ಕಟ್ಟುವವರು ಬುಂದೇಲಖಂಡದಿಂದಲೋ ಬಿಹಾರದಿಂದಲೋ ಬಂದವರು, ಅಲ್ಲಿಯವರ ಗೋಡೆ ಕಟ್ಟುವವರು ಆಂಡೀಸ್ ಬೆಟ್ಟದಿಂದ ಬಂದವರು. ಮನೆ ಬಿಟ್ಟು ಬಂದವರೇ ಎಲ್ಲ ಕಡೆ ಮನೆ ಕಟ್ಟುವುದು. ನಾನೂ ಅವರಲ್ಲೊಬ್ಬ ತಾನೇ.

ಮಕ್ಕಳು ಸೈಡಿಂಗ್ ಬದಲಾಯಿಸುತ್ತೇವೆ ಅಂತ ಫೋನಿನಲ್ಲಿ ಹೇಳಿದರೆ, ಯಾವ ಬಣ್ಣ ಅಂತ ಕೇಳುವ ಮುಂಚೆ ಕೊಟೇಶನ್ ಕಳಿಸು ಅನ್ನಿ. ಅದರಲ್ಲಿ ಫ್ಲ್ಯಾಶಿಂಗ್ ಅನ್ನುವ ಪದ ಎಷ್ಟು ಸಲ ಬಂದಿದೆ ಎಣಿಸಿ. ಒಂದು ಸಲವೂ ಬರದಿದ್ದರೆ ಆ ಕಾಗದ ವಾಪಸ್ ಕೊಡಬಹುದು. ಕೊಳೆತ ಹಲಗೆಗೆ ಶೀಟಿಗೆಷ್ಟು ಅಂತ ಬರೆದಿದ್ದರೆ, ಸಹಿಗೆ ಮುಂಚೆ ಎರಡು ಕಡೆ ಬಿಚ್ಚಿ ತೋರಿಸು ಅನ್ನಿ. ಬಿಚ್ಚುವುದಿಲ್ಲ ಅಂದವನಿಗೆ ನಮಸ್ಕಾರ ಹೇಳಿ.

ಬಣ್ಣದ ವಿಷಯ ಮರೆತೆ. ಕೊನೆಗೆ ಕಡು ಹಸಿರು ಆರಿಸಿದರು, ಮಗಳ ಇಷ್ಟ. ಆ ಕೋಣೆಯಲ್ಲಿ ಮೊದಲೆಲ್ಲ ಚಳಿಗಾಲದಲ್ಲಿ ಮೊಮ್ಮಗನ ಮಂಚವನ್ನು ಹೊರಗೋಡೆಯಿಂದ ಎರಡಡಿ ದೂರ ಎಳೆದಿಡುತ್ತಿದ್ದರಂತೆ, ಗೋಡೆ ಮುಟ್ಟಿದರೆ ತಣ್ಣಗೆ ಕೊರೆಯುತ್ತದೆ ಅಂತ. ನಾವು ದೆಹಲಿಗೆ ವಾಪಸ್ ಬಂದ ಮೇಲೆ ಜನವರಿಯಲ್ಲಿ ವೀಡಿಯೋ ಕಾಲ್ ಮಾಡಿದ್ದರು. ಮಂಚ ಗೋಡೆಗೆ ತಾಗಿಕೊಂಡೇ ಇತ್ತು. ಅವನು ಗೋಡೆಯ ಮೇಲೆ ಕ್ರಯಾನಿನಲ್ಲಿ ಗೀಚುತ್ತಿದ್ದ. ಅಳಿಯ ಹಿಂದಿನಿಂದ, "ಮಾವ, ಗ್ಯಾಸ್ ಬಿಲ್ ನೋಡಿದ್ರಾ, ಕಳಿಸಿದೀನಿ" ಅಂದರು. ನೋಡಿದೆ. ಇಪ್ಪತ್ತು ವರ್ಷದ ಮೇಲೆ ಅನ್ನುವುದೇ ಸರಿ.